ಇಳಿದ ಗೆರೆ

ಮಾರ್ಚ್ 4, ಸೋಮವಾರ
ಸ್ಟ್ರೆಚರ್ ತಳ್ಳಿ ತಳ್ಳಿ ತೋಳು ಬಿದ್ದುಹೋಗಿದೆ. ನಮ್ಮ ಸೆಂಟರಿನಲ್ಲಿ ಸ್ಕ್ಯಾನ್ ಮಷಿನ್ ಇದೆ, ಡಾಕ್ಟರಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರಿದ್ದಾರೆ, ಮಷಿನ್ ಇಲ್ಲ. ಇಲ್ಲಿನ ಸರ್ವರಿನಿಂದ ಅಲ್ಲಿನ ಸರ್ವರಿಗೆ ಚಿತ್ರ ಹೋಗಬೇಕು. ಲೈನ್ ನಿಧಾನವಂತೆ. ಕಂಪ್ಯೂಟರ್ ಸಾಹೇಬರು ಇವತ್ತು ಏನೋ ಆನ್ ಮಾಡಿದರು. "ಇನ್ಮೇಲೆ ಫೈಲುಗಳನ್ನ ಹಿಂಡಿ ಚಿಕ್ಕದು ಮಾಡಿ ಕಳಿಸುತ್ತೆ. ಹಾಸಿಗೆ ಸುತ್ತಿ ಕಟ್ಟಿದ ಹಾಗೆ." ಹೇಳಿದ್ದು ಮ್ಯಾನೇಜರಿಗೆ. ನಾನು ನೆಲ ಒರೆಸುತ್ತಿದ್ದೆ.

ಮಾರ್ಚ್ 6
ಹೋದ ವರ್ಷದ ಹಾಗೇ ಅಮ್ಮನ ತಲೆ ಸ್ಕ್ಯಾನ್ ಮತ್ತೆ ಆಯಿತು. ಎಡಗೈಯಲ್ಲಿ ಲೋಟ ನಿಲ್ಲುತ್ತಿಲ್ಲ ಅವಳಿಗೆ. "ಏನೇ ಇದು ಸದ್ದು! ನಿಮ್ಮಪ್ಪನ ಗೊರಕೆನೇ ವಾಸಿ," ಅಂದಳು. ನಕ್ಕೆ. ಸ್ಕ್ಯಾನ್ ತೆಗೆಯುವ ಅಣ್ಣ ಪರದೆ ನೋಡುತ್ತಿದ್ದರು... ನಗಲಿಲ್ಲ.

ಮಾರ್ಚ್ 8
ಮ್ಯಾನೇಜರ್ ಗೋಡೆಗೆ ಗ್ರಾಫ್ ಅಂಟಿಸಿದ್ದಾರೆ. ಗೆರೆ ಜರ್ರನೆ ಇಳಿದಿದೆ. "ಲೈನ್ ಮೇಲಿನ ಟ್ರಾಫಿಕ್ ಅರ್ಧಕ್ಕರ್ಧ ಕಡಿಮೆ! ತಗೋಮ್ಮ, ನೀನೂ ಬಾಯಿ ಸಿಹಿ ಮಾಡ್ಕೋ." ತಿಂದೆ.
ಸಂಜೆ ಅಮ್ಮನನ್ನು ದೊಡ್ಡ ಆಸ್ಪತ್ರೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವಳ ಮುಖ ನೋಡಲಿಲ್ಲ, ಪರದೆ ನೋಡಿದರು. "ಹೋದ ಸಲದ ಹಾಗೇ ಇದೆ. ಅದೇ ಮಾತ್ರೆ."
"ಸಾರ್, ಕೈ..."
ಬೆಲ್ ಒತ್ತಿ ಇನ್ನೊಬ್ಬರನ್ನು ಕರೆದಾಗಿತ್ತು. ಮಾತು ಅರ್ಧಕ್ಕೇ ಬಿಟ್ಟು, ಅಮ್ಮನ ಕೈ ಹಿಡಿದು ಹೊರಗೆ ಬಂದೆ.

ಮಾರ್ಚ್ 13
ನಿನ್ನೆ ಅಮ್ಮ ಬಚ್ಚಲಲ್ಲಿ ಬಿದ್ದಳು. ದೊಡ್ಡ ಆಸ್ಪತ್ರೆಗೆ ಅಡ್ಮಿಟ್. ಮಾತು ತೊದಲುತ್ತಿದೆ. ಸೆಂಟರಿಗೆ ಬಂದು ವಿಚಾರಿಸಿದೆ: ಹೊಸ ಸ್ಕ್ಯಾನ್ ಅಲ್ಲಿಗೆ ಹೋಗಿಯೇ ಇಲ್ಲ! ಡಾಕ್ಟರು ನೋಡಿದ್ದು ಹೋದ ವರ್ಷದ್ದು. ಅಲ್ಲಿಂದ ಫೋನ್ ಬಂದಾಗಲೆಲ್ಲ ನಮ್ಮವರು "ಬರ್ತಿದೆ, ಬರ್ತಿದೆ" ಅಂದಿದ್ದಾರೆ.
ಕಂಪ್ಯೂಟರ್ ಸಾಹೇಬರು ಬೆವರುತ್ತಿದ್ದರು. "ನಮ್ಮ ಸರ್ವರ್ ಹಳೇದು. ಹಿಂಡೋದ್ರಲ್ಲೇ ಸುಸ್ತಾಗಿ ಕೂತಿದೆ. ಎಷ್ಟೋ ಫೈಲು ಕ್ಯೂನಲ್ಲೇ ಇವೆ."
ಗೆರೆ ಇಳಿದದ್ದು ಅದಕ್ಕೆ. ಫೈಲು ಚಿಕ್ಕದಾಗಿದ್ದಕ್ಕಲ್ಲ, ಹೋಗದೆ ಉಳಿದಿದ್ದಕ್ಕೆ. ಅದಕ್ಕೆ ಸಿಹಿ ಹಂಚಿದರು. ನಾನೂ ತಿಂದೆ, ಥೂ.
ಗ್ರಾಫ್ ಕಿತ್ತು ಹರಿದೆ.
"ಏಯ್, ತಲೆ ಕೆಟ್ಟಿದೆಯೇನಮ್ಮ?" ಮ್ಯಾನೇಜರ್.
"ನಮ್ಮಮ್ಮ ನಿಮ್ಮ ಕ್ಯೂನಲ್ಲಿದ್ದಾಳೆ ಸಾರ್. ಮೊದಲು ಅವಳನ್ನ ಕಳಿಸಿ!"
ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಸಾಹೇಬರು ಹಿಂಡುವುದನ್ನು ಆಫ್ ಮಾಡಿದರು. ಚಿತ್ರ ಹೋಯಿತು.

ಮಾರ್ಚ್ 14
ಆಪರೇಷನ್ ಕೋಣೆಯ ಹೊರಗೆ. ಬೆಳಿಗ್ಗೆ ಡಾಕ್ಟರು ಮೊದಲ ಸಲ ನನ್ನ ಮುಖ ನೋಡಿದರು. "ಇದು ಮೊದಲೇ ಬಂದಿದ್ರೆ..." ಅಂದು ನಿಲ್ಲಿಸಿದರು. ಆವತ್ತು ಚಿತ್ರದ ಮೇಲಿನ ತಾರೀಖು ನೋಡೋಕೆ ಏನು ಧಾಡಿ ಇವರಿಗೆ? ಹೊರಗೆ ಬರಲಿ, ಕೇಳುತ್ತೇನೆ. ಇವತ್ತು ಮಾತು ಅರ್ಧಕ್ಕೆ ಬಿಡುವುದಿಲ್ಲ.
ಕೆಂಪು ದೀಪ ಆರಿತು. ಡಾಕ್ಟರು ಬರುತ್ತಿದ್ದಾರೆ. ಮತ್ತೆ ನನ್ನ ಮುಖ ನೋಡದೆ, ನೆಲ ನೋಡುತ್ತಾ —