ಈ ಮಗ್ಗುಲಿನ ವಿಳಾಸ

ಸೇಂಟ್ ಲೂಯಿಸ್,
ಮಂಗಳವಾರ, ಅಕ್ಟೋಬರ್ 8

ನನ್ನ ಪ್ರೀತಿಯ ಅರ್ನೆಸ್ಟೀನ್ ಅಕ್ಕಾ,

ಮೆಂಫಿಸ್‌ನಲ್ಲಿ ಮಗನ ಮನೆಯಲ್ಲಿ ಹೇಗಿದ್ದೀಯ? ಮೊಣಕಾಲು ನೋವು ಇಳಿಯಿತೇ? ಉಪ್ಪು ಕಡಿಮೆ ತಿನ್ನುತ್ತಿದ್ದೀಯೋ, ಇಲ್ಲ ಸೊಸೆಯ ಅಡುಗೆ ರುಚಿ ಎಂದು ಎಲ್ಲ ಮರೆತಿದ್ದೀಯೋ? ಫೋನಿನಲ್ಲಿ ನಿನಗೆ ಅರ್ಧವೂ ಕೇಳಿಸುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಏಳನೇ ತರಗತಿಗೇ ಶಾಲೆ ಬಿಟ್ಟವಳ ಅಕ್ಷರ, ನಗಬೇಡ.

ಮೊದಲು ಕನಸು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಎದೆ ಹಗುರಾಗುವುದಿಲ್ಲ. ಭಾನುವಾರ ಚರ್ಚಿಗೆಂದು ಟೋಪಿ ಹಾಕಿಕೊಂಡು ಕೂತವಳಿಗೆ ಕುರ್ಚಿಯಲ್ಲೇ ಜೋಂಪು ಹತ್ತಿತು. ನನ್ನ ಮಗಳು ಷಾನೆಲ್ ತುಂಬು ಬಸುರಿ, ಬಸ್ಸಿನಲ್ಲಿ ಕೂತಿದ್ದಾಳೆ. ನಮ್ಮ ಬಡ ಕೇರಿಗಳನ್ನೂ ಆಚೆಯ ಉಳ್ಳವರನ್ನೂ ಬೇರೆ ಮಾಡುವ ಆ ಡೆಲ್ಮಾರ್ ರಸ್ತೆ ಬಂದದ್ದೇ ತಡ, ಅದು ಹೊಳೆಯಾಗಿ ಹರಿಯತೊಡಗಿತು. ಆಸ್ಪತ್ರೆ ಆಚೆ ದಡದಲ್ಲಿ. ಡ್ರೈವರು ತಿರುಗಿಯೂ ನೋಡದೆ, "ಇಲ್ಲಿಗೇ ಕೊನೆ, ಇಳೀರಿ" ಎಂದ. ಬೆಚ್ಚಿ ಎದ್ದಾಗ ಟೋಪಿ ಜಾರಿ ನನ್ನ ಬೆನ್ನ ಹಿಂದೆ ಅಪ್ಪಚ್ಚಿಯಾಗಿತ್ತು.

ಈಗ ಸುದ್ದಿ ಕೇಳು. ಮುಚ್ಚಿಹೋಗಿದ್ದ ಆ ಮೂಲೆಯ ದಿನಸಿ ಅಂಗಡಿಯಲ್ಲಿ ನಿಜವಾಗಿಯೂ ಹೆರಿಗೆ ಕ್ಲಿನಿಕ್ಕು ತೆರೆಯುತ್ತಿದೆ! ಬರುವ ಇಪ್ಪತ್ತೊಂದಕ್ಕೆ. ನಾನೇ ಎಣಿಸಿದೆ, ನನ್ನ ಮೆಟ್ಟಿಲಿನಿಂದ ಇನ್ನೂರ ಹನ್ನೆರಡು ಹೆಜ್ಜೆ. ಎರಡು ದಿನದಲ್ಲಿ ಮೂರು ಸಲ ನಡೆದು ನೋಡಿದೆ, ಎಲ್ಲಿ ಜಾಗ ಬದಲಾಗಿಬಿಡುತ್ತದೋ ಎಂದು. ಆರಾಧನೆಯಲ್ಲಿ ತಲೆ ಸುತ್ತಿ ಬಿದ್ದವರನ್ನು ನೋಡಿಕೊಳ್ಳುವ ನಮ್ಮ ಚರ್ಚಿನ ನರ್ಸಮ್ಮಂದಿರು ಬಿಳಿ ಸಮವಸ್ತ್ರ, ಬಿಳಿ ಕೈಗವಸು ಹಾಕಿಕೊಂಡೇ ಹೋಗಿ ಒಂದೊಂದು ಕುರ್ಚಿಯಲ್ಲೂ ಕೂತು ಪರೀಕ್ಷೆ ಮಾಡಿ ಬಂದರು. ಅವರಲ್ಲಿ ಹಿರಿಯಳಾದ ಮದರ್ ಪೇಟ್ಸ್ ನನ್ನ ರಕ್ತದೊತ್ತಡವನ್ನೂ ನೋಡಿ, "ಕ್ಲಿನಿಕ್ ತೆರೆಯೋಕೆ ಮುಂಚೆ ನೀನೇ ಮೊದಲ್ನೇ ರೋಗಿ ಆಗ್ತೀಯ ಕಣೇ ವರ್ಡೆಲ್" ಎಂದು ಛೇಡಿಸಿದಳು.

ಹೆದರದೆ ಹೇಗಿರಲಿ ಅಕ್ಕಾ? ಮೊಮ್ಮಗ ಮೈಕಾ ಹುಟ್ಟಿದ ಸಲದ್ದು ನಿನಗೆ ನೆನಪಿಲ್ಲವೇ? ಈ ಕಡೆ ಇದ್ದ ಒಂದೇ ಹೆರಿಗೆ ವಾರ್ಡು ಆ ವರ್ಷವೇ ಮುಚ್ಚಿತ್ತು. ಎರಡು ಬಸ್ಸು ಬದಲಿಸಿ ಹೋಗುವಷ್ಟರಲ್ಲಿ ಷಾನೆಲ್‌ಗೆ ತಪಾಸಣೆಗೆ ಕೊಟ್ಟ ಹೊತ್ತು ಮೀರಿರುತ್ತಿತ್ತು. ನಾಲ್ಕು ಸಲ ಹಾಗೇ ವಾಪಸು ಕಳಿಸಿದರು. ಆಮೇಲೆ ಅವಳ ಕಾಗದದಲ್ಲಿ ಬರೆದರಲ್ಲ, ತಪಾಸಣೆಗೆ ಬಾರದ ಅಸಡ್ಡೆಯ ಹೆಂಗಸು ಅಂತ! ಅವಳ ಒತ್ತಡ ಏರಿದ್ದು ಯಾರಿಗೂ ತಿಳಿಯಲಿಲ್ಲ. ಕೂಸು ಎರಡು ತಿಂಗಳು ಮುಂಚೆ ಬಂತು, ನನ್ನ ಅಂಗೈಗೆ ತುಸು ದೊಡ್ಡದು. ಈಗ ಸೋಫಾದ ಮೇಲೆ ಕುಣಿಯುವ ಪುಂಡ, ದೇವರಿಗೆ ಸ್ತೋತ್ರ. ಆದರೆ ಈ ಸಲವೂ ಅವಳ ಕಾಲು ಊದುತ್ತಿದೆ. ಇನ್ನೂರ ಹನ್ನೆರಡು ಹೆಜ್ಜೆಯಾದರೆ ನಾನು ಅವಳನ್ನು ದಿನಾ ನಡೆಸಿಕೊಂಡು ಹೋಗಬಲ್ಲೆ.

ಕ್ಲಿನಿಕ್ಕಿನ ಸೂಲಗಿತ್ತಿ ಲೊರೇನ್ ನಮ್ಮ ಬೀದಿಯಲ್ಲೇ ಬೆಳೆದವಳು. ಮೊದಲಿಗೆ ನಲವತ್ತು ಬಸುರಿಯರನ್ನು ಮಾತ್ರ ತೆಗೆದುಕೊಳ್ಳುತ್ತಾರಂತೆ. ಹೆಸರುಗಳನ್ನು ಈ ಭಾನುವಾರ ಚರ್ಚಿನಲ್ಲೇ ಓದುತ್ತಾರೆ. ನೀನು ಮೆಂಫಿಸ್‌ಗೆ ಹೊರಡುವ ಹಿಂದಿನ ದಿನ ನನ್ನ ಪಕ್ಕ ಕೂತು ಷಾನೆಲ್‌ಳ ಅರ್ಜಿ ತುಂಬಿಕೊಟ್ಟೆಯಲ್ಲ, ಅದು ಅರ್ಜಿ ಹಾಕುವ ಬೀಗದ ಪೆಟ್ಟಿಗೆಯಲ್ಲಿ ಕ್ಷೇಮವಾಗಿದೆ. ಹೆಸರು ಓದುವಾಗ ಹಾಕಿಕೊಳ್ಳಲು ಟೋಪಿಯನ್ನು ಹಬೆಗೆ ಹಿಡಿದು ನೆಟ್ಟಗೆ ಮಾಡಿಟ್ಟಿದ್ದೇನೆ.

ನಿನ್ನ ಮಗನಿಗೂ ಸೊಸೆಗೂ ನನ್ನ ಹಾರೈಕೆ. ದೇವರ ಕೈ ನಿನ್ನ ಮೊಣಕಾಲಿನ ಮೇಲಿರಲಿ.

ನಿನ್ನ ತಂಗಿ,
ವರ್ಡೆಲ್

ಮ.ವಿ.: ಅಕ್ಕಾ, ಲಕೋಟೆ ಅಂಟಿಸುವ ಹೊತ್ತಿಗೆ ಲೊರೇನ್ ಬಾಗಿಲಿಗೆ ಬಂದು ಹೋದಳು. ಡೆಲ್ಮಾರಿನ ಆಚೆ ವಿಳಾಸವಿರುವ ಅರ್ಜಿಯನ್ನು ತೆಗೆದುಹಾಕುತ್ತಾರಂತೆ, ಇದು ಈಚೆಯವರಿಗೆಂದೇ ತೆರೆದದ್ದಂತೆ. "ನಮ್ಮ ಬೀದಿ ಹೆಸರು ನೋಡಿದ್ರೆ ಅವರು ನಾಡಿ ನೋಡಲ್ಲ" ಎಂದು ಅಮ್ಮ ಕಲಿಸಿದಂದಿನಿಂದ ಯಾವ ಆಸ್ಪತ್ರೆಯ ಕಾಗದಕ್ಕೂ ನಾವು ಆಚೆ ಇರುವ ನಿನ್ನ ಮನೆಯ ನಂಬರನ್ನೇ ಬರೆದವರು. ನಿನ್ನ ಎರಡು ಕೋಣೆಯಲ್ಲಿ ಕಾಗದದ ಮೇಲೆ ಹದಿನಾಲ್ಕು ಜನ ವಾಸವಾಗಿದ್ದೇವೆ! ಅಂದೂ ನಿನ್ನ ಕೈ ಅಭ್ಯಾಸಬಲದಿಂದ ಅದನ್ನೇ ಬರೆಯಿತೋ ಏನೋ. ಇನ್ನೊಂದು ಅರ್ಜಿ ಹಾಕೋಣವೆಂದರೆ ಒಂದೇ ಹೆಸರಿಗೆ ಎರಡು ಬಂದರೆ ಎರಡೂ ರದ್ದು. ಪೆಟ್ಟಿಗೆ ತೆರೆಯುವುದು ಶನಿವಾರ. ತಪ್ಪಿದ್ದರೆ ಅದಕ್ಕೆ ಮುಂಚೆ ನಾನೇ ಹೋಗಿ ಒಪ್ಪಿಕೊಂಡು ತಿದ್ದಿಸುತ್ತೇನೆ. ಅರ್ಜಿಯ ಹಳದಿ ನಕಲು ನಿನ್ನ ಬೈಬಲ್ಲಿನೊಳಗಿದೆ. ಕನ್ನಡಕ ಹಾಕಿಕೊಂಡು ನೋಡಿ, ಸೊಸೆಯ ಕೈಲಿ ಫೋನು ಮಾಡಿಸು: ಷಾನೆಲ್‌ಳ ಹೆಸರಿನ ಕೆಳಗಿರುವುದು ನಿನ್ನ ಮನೆಯೋ, ನನ್ನ ಮನೆಯೋ? ಒಂದು ಸಲ ನೋಡಿದ ಮೇಲೆ ಇನ್ನೊಂದು ಸಲ ನೋಡು.