ಹೆಗಲಿಗೆ ಒದೆಯದ ಗುಂಡು

ಬಂದೂಕು ರಿಪೇರಿ ಶೆಡ್ಡು
ಗುರುವಾರ ಮಧ್ಯಾಹ್ನ

ಅಕ್ಕನ ಪಾದಗಳಿಗೆ, ಅವು ಈಗ ಹೊಲಿಗೆ ಮಿಷನ್ನಿನ ಪೆಡಲ್ ಮೇಲಿದ್ದರೆ ಅಲ್ಲಿಗೇ ಬಂದು, ನಿನ್ನ ತಮ್ಮನ ನಮಸ್ಕಾರ.

ಮೊದಲು ಒಂದು ತಪ್ಪೊಪ್ಪಿಗೆ. ಇಪ್ಪತ್ತಾರು ವರ್ಷ ಸೇನೆಯಲ್ಲಿ ಕಳಂಕವಿಲ್ಲದೆ ದುಡಿದ ನಾನು, ಈ ದಿನ ಒಂದೂಕಾಲು ಗಂಟೆಗೆ, ಪೂರ್ಣ ಪ್ರಜ್ಞೆಯಲ್ಲಿ, ಯಾರ ಒತ್ತಾಯವೂ ಇಲ್ಲದೆ, ಸರ್ಕಾರದ ನಾಲ್ಕು ಹಾಳೆಗಳನ್ನು ಕದ್ದಿದ್ದೇನೆ. ಕದ್ದ ಮಾಲಿನ ಮೇಲೆಯೇ ಬರೆಯುತ್ತಿದ್ದೇನೆ. ನೆತ್ತಿಯಲ್ಲಿ ‘ರೈಫಲ್ ಸಂಖ್ಯೆ’, ‘ದೋಷ’, ‘ಮಾಡಿದ ರಿಪೇರಿ’ ಎಂದು ಅಚ್ಚಾಗಿರುವುದನ್ನು ನೋಡಿ ಗಾಬರಿಯಾಗಬೇಡ. ನಿನ್ನ ಕೋಪವನ್ನು ಮೂರನೆಯ ಕಾಲಮ್ಮಿಗೆ ಸೇರಿಸುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಬಂದಿಲ್ಲ.

ನಿನ್ನೆ ನೀನು ಆಫೀಸಿಗೆ ಫೋನು ಮಾಡಿದಾಗ ಐದಾರು ಗುಮಾಸ್ತರು ಫೈಲು ನೋಡುವಂತೆ ನಟಿಸುತ್ತ ನಿನ್ನ ಬೈಗುಳ ಸವಿಯುತ್ತಿದ್ದರು. ಹಾಗಾಗಿ ನಾನು ಬರೀ ‘ಹೂಂ’ ಅಂದೆ. ನೀನು ಅದನ್ನು ಒಪ್ಪಿಗೆ ಅಂದುಕೊಂಡೆ. “ಗುಬ್ಬಿ ಹೆದರಿಕೊಂಡು ಗುಂಡು ಹೊಡೀಲಿಲ್ವಂತೆ. ಮನೆಗೆ ಕಳಿಸ್ತಾರಂತೆ. ಕಳಿಸ್ಲಿ ಬಿಡು, ನಂಗೆ ಬೇಕಾಗಿದ್ದೂ ಅದೇ. ನೀನು ಮಧ್ಯೆ ಬಾಯಿ ಹಾಕ್ಬೇಡ, ಶನಿವಾರ ಬಂದು ಕರ್ಕೊಂಡು ಹೋಗ್ತೀನಿ” ಅಂದೆಯಲ್ಲ, ಆ ಮಾತಿಗೇ ಈ ಕಾಗದ. ರೇಷನ್ ಲಾರಿಯ ಡ್ರೈವರು ಸಂಜೆ ನಿನ್ನ ಬೀದಿಯ ಮೇಲೇ ಹೋಗುತ್ತಾನೆ, ಕೈಗೇ ಕೊಡುತ್ತಾನೆ.

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ದೊಡ್ಡ ಸಾಹೇಬರ ಮುಂದೆ ಗುಬ್ಬಿಯ ವಿಚಾರಣೆ. ಅವಳನ್ನು ಸುಮ್ಮನೆ ಮನೆಗೆ ಕಳಿಸುವುದಿಲ್ಲ ಅಕ್ಕಾ. ಕಾಗದದಲ್ಲಿ ‘ಹೇಡಿತನ’ ಎಂದು ಬರೆದು, ಮೊಹರು ಒತ್ತಿ ಕಳಿಸುತ್ತಾರೆ. ಆಮೇಲೆ ಅವಳು ಎಲ್ಲಿ ಕೆಲಸ ಕೇಳಿದರೂ ಆ ಪದ ಮೊದಲು ಒಳಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತಿರುತ್ತದೆ. ಎಂಥೆಂಥ ಹೊಲಿಗೆ ಬಿಚ್ಚಿದವಳು ನೀನು, ಇದನ್ನು ಬಿಚ್ಚಲು ನಿನ್ನಿಂದಲೂ ಆಗದು.

ಅವಳನ್ನು ಇಲ್ಲಿ ಸೇನೆಯ ತರಬೇತಿಗೆ ಸೇರಿಸುವಾಗ ನೀನು ನನ್ನ ಕೈಹಿಡಿದು, “ನೀನಿದ್ದೀಯಾ ಅಂತ ಕಳಿಸ್ತಿದೀನಿ” ಅಂದಿದ್ದೆ. ಆ ಮಾತು ಉಳಿಸಿಕೊಂಡಿದ್ದೇನೆಂದು ಹೆಮ್ಮೆಯಿಂದ ಹೇಳುತ್ತೇನೆ. ಮಂಗಳವಾರ ನಿನ್ನ ಮಗಳ ಮುಖ ಉಳಿದದ್ದು ನಿನ್ನ ಈ ತಮ್ಮನಿಂದ. ಹೇಗೆಂದು ಕೇಳು.

ನಾನು ಕೆಲಸಕ್ಕೆ ಸೇರಿದಾಗಿನ ರೈಫಲ್ಲು ನಮ್ಮ ತಾತನ ಹಾಗಿತ್ತು. ಮರದ ಮೈ, ತೂಕದ ಆಸಾಮಿ, ಹತ್ತಿರ ಹೋದರೆ ಹೆಗಲಿಗೆ ಒದೆಯುತ್ತಿತ್ತು, ಆದರೆ ಹೇಳಿದ ಮಾತು ತಪ್ಪುತ್ತಿರಲಿಲ್ಲ. ಈಗಿನದು ಮದುವೆಗೆ ಹೊರಟ ಸೋದರತ್ತೆ. ಮೈಮೇಲೆ ಉದ್ದಕ್ಕೂ ಹಳಿ ಕೂರಿಸಿದ್ದಾರೆ, ರೈಲೊಂದು ಓಡುವುದಿಲ್ಲ. ಆ ಹಳಿಗೆ ದುರ್ಬೀನು ಸಿಕ್ಕಿಸಬಹುದು, ಟಾರ್ಚು ಸಿಕ್ಕಿಸಬಹುದು, ಮುಂಗೈ ಹಿಡಿ, ಎರಡು ಕಾಲಿನ ಊರುಗೋಲು, ಏನು ಬೇಕಾದರೂ. ಗುಬ್ಬಿ ಮೊದಲ ದಿನವೇ, “ಮಾವ, ಇಷ್ಟೆಲ್ಲ ಹಾಕಿದ್ಮೇಲೆ ಕೈಚೀಲ ನೇತು ಹಾಕೋಕೆ ಒಂದು ಕೊಕ್ಕೆ ಇಲ್ವಾ?” ಅಂದಳು. ನಕ್ಕೆ. ಆದರೆ ವಾರದೊಳಗೆ ಅವಳು ಕಣ್ಣು ಕಟ್ಟಿಕೊಂಡು ಅದನ್ನು ಬಿಚ್ಚಿ ಜೋಡಿಸಲು ಕಲಿತಳು. ಇಪ್ಪತ್ತಾರು ವರ್ಷ ಗುಂಡಿನ ಸಹವಾಸ ಮಾಡಿಯೂ ಒಂದು ದಿನವೂ ಗುಂಡು ಹಾಕದ ಮಾವನ ಸೊಸೆ ತಾನೆ!

ತಾತನಾಗಲಿ ಸೋದರತ್ತೆಯಾಗಲಿ, ಒಂದು ಕಾಯಿಲೆ ಇಬ್ಬರಿಗೂ ಸಮಾನ. ನಮ್ಮಲ್ಲಿ ಹುಡುಗರಿಗೆ ಒಂದು ಪಾಠ ಉರು ಹೊಡೆಸುತ್ತಾರೆ: ತಟ್ಟು, ಎಳೆ, ಹೊಡೆ. ರೈಫಲ್ ಕೈಕೊಟ್ಟರೆ ಮ್ಯಾಗಜಿನ್ ತಟ್ಟಬೇಕು, ಬೋಲ್ಟ್ ಎಳೆದು ಬಿಡಬೇಕು, ಮತ್ತೆ ಹೊಡೆಯಬೇಕು. ಮೂರು ಸೆಕೆಂಡು. ಯೋಚಿಸಬಾರದು. ಯುದ್ಧದಲ್ಲಿ ಯೋಚಿಸುವವನು ಯೋಚಿಸುತ್ತಲೇ ಉಳಿಯುತ್ತಾನೆ ಎಂದು ಗುರಿ ಕಲಿಸುವ ಮೀಸೆ ಮೇಷ್ಟ್ರು ದಿನಕ್ಕೆ ಹತ್ತು ಸಲ ಹೇಳುತ್ತಾರೆ. ನೂರರಲ್ಲಿ ತೊಂಬತ್ತೊಂಬತ್ತು ಸಲ ಆ ಪಾಠ ಪ್ರಾಣ ಉಳಿಸುತ್ತದೆ. ನೂರನೆಯ ಸಲ ಕಾಡತೂಸಿನಲ್ಲಿ ಮದ್ದೇ ಇರುವುದಿಲ್ಲ. ಬರೀ ಹಿಂದಿನ ಪುಟ್ಟ ಕಿಡಿ ಗುಂಡನ್ನು ದೂಡುತ್ತದೆ. ಅದು ನಳಿಗೆಯೊಳಗೆ ಗೇಣುದ್ದ ಹೋಗಿ ಕಚ್ಚಿಕೊಂಡು ಕೂರುತ್ತದೆ. ಆಗ ತಟ್ಟಿ, ಎಳೆದು, ಹೊಡೆದರೆ ಹಿಂದಿನ ಗುಂಡು ಮುಂದಿನದಕ್ಕೆ ಗುದ್ದಿ ನಳಿಗೆ ಸೀಳುತ್ತದೆ. ನಳಿಗೆಯ ಪಕ್ಕದಲ್ಲೇ ಹೊಡೆಯುವವರ ಕೆನ್ನೆ ಇರುತ್ತದೆ ಅಕ್ಕಾ.

ಮಂಗಳವಾರ ಹತ್ತೂವರೆ. ಹನ್ನೆರಡು ಜನ ಸಾಲಾಗಿ ಹೊಟ್ಟೆಯ ಮೇಲೆ ಮಲಗಿ ಹೊಡೆಯುತ್ತಿದ್ದರು. ಗುಬ್ಬಿ ಬಲತುದಿಯಿಂದ ಮೂರನೆಯವಳು. ನಾನು ಮೂವತ್ತು ಹೆಜ್ಜೆ ಹಿಂದೆ, ಟೆಂಟಿನ ನೆರಳಲ್ಲಿ ನನ್ನ ಹತಾರದ ಮೇಜಿನ ಮುಂದೆ. ಅವಳ ಏಳನೆಯ ಗುಂಡು ‘ಢಂ’ ಅನ್ನಬೇಕಾದದ್ದು ‘ಟುಸ್’ ಅಂದಿತು. ಹನ್ನೊಂದು ರೈಫಲ್ಲಿನ ಗದ್ದಲದ ನಡುವೆಯೂ ಅದು ನನಗೆ ಕೇಳಿಸಿತು. ನನ್ನ ಕಿವಿ ಅಂಥದ್ದು. ಇಲ್ಲಿ ನನ್ನನ್ನು ‘ಮದ್ದಿನ ಡಾಕ್ಟರು’ ಅಂತ ಸುಮ್ಮನೆ ಕರೆಯುವುದಿಲ್ಲ. ಹನ್ನೆರಡು ರೈಫಲ್ ಒಟ್ಟಿಗೆ ಕೆಮ್ಮಿದರೂ ಯಾವುದಕ್ಕೆ ಶೀತ ಅಂತ ಹೇಳಬಲ್ಲೆ.

ಗುಬ್ಬಿ ಎಡಗೈ ಎತ್ತಿದಳು. ನಳಿಗೆಯ ಬಾಯಿ ಗುರಿಹಲಗೆಯ ಕಡೆಗೇ ಇತ್ತು, ಬೆರಳು ಟ್ರಿಗರಿನಿಂದ ಆಚೆ. ಮೀಸೆ ಮೇಷ್ಟ್ರು ಹಿಂದೆ ಬಂದು ನಿಂತರು.

“ಏನಮ್ಮ? ತಟ್ಟು, ಎಳೆ, ಹೊಡೆ!”

“ಸರ್, ಸದ್ದು ಸರಿ ಇರ್ಲಿಲ್ಲ. ಹೆಗಲಿಗೆ ಒದೀಲೇ ಇಲ್ಲ.”

“ಒದೀಲಿಲ್ಲ ಅಂತ ಬೇಜಾರಾ? ಬೇಕಾದ್ರೆ ನಾನು ಒದೀತೀನಿ. ಹೊಡೆ!”

“ಅಮ್ಮನ ಮಿಷನ್ನಲ್ಲಿ ದಾರ ಮುಗಿದಾಗ ಹೀಗೇ ಸರ್. ಸೂಜಿ ಓಡ್ತಿರತ್ತೆ, ಸದ್ದು ಮಾತ್ರ ಟೊಳ್ಳು. ಆಗ ತುಳೀಬಾರ್ದು.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರ ಮೀಸೆ ಎರಡೂ ತುದಿಯಲ್ಲಿ ಎದ್ದು ನಿಂತಿತು. “ಇದು ದರ್ಜಿ ಅಂಗಡಿ ಅಲ್ಲ. ಕೊನೇ ಸಲ ಹೇಳ್ತಿದೀನಿ, ಹೊಡೀತೀಯೋ ಇಲ್ವೋ?”

“ಹೊಡೆಯಲ್ಲ ಸರ್.”

ಉಳಿದ ಹನ್ನೊಂದು ರೈಫಲ್ಲೂ ನಿಂತುಹೋದವು. ಅವಳ ಬೆನ್ನು ಮೇಲೆ ಕೆಳಗೆ ಆಗುತ್ತಿದ್ದದ್ದು ನನಗೆ ಟೆಂಟಿನಿಂದಲೇ ಕಾಣುತ್ತಿತ್ತು. ಕೈ ಮಾತ್ರ ಕದಲಲಿಲ್ಲ. ನಾನು ಓಡಿದೆ. “ಯಾರೂ ಮುಟ್ಟಬೇಡಿ ಇದನ್ನ” ಅಂದೆ. ಅವಳು ಮ್ಯಾಗಜಿನ್ ಕಳಚಿ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡಳು. ಎದ್ದು ನಿಂತು ರೈಫಲ್ಲನ್ನು ನನ್ನ ಕೈಗೆ ಕೊಟ್ಟಳು. ಶೆಡ್ಡಿಗೆ ತಂದು ಬಾಯಿಯ ಕಡೆಯಿಂದ ಒರೆಸುವ ಕಡ್ಡಿ ಇಳಿಸಿದೆ. ಸಲೀಸಾಗಿ ಇಳಿಯುತ್ತ ಹೋಗಿ ತುದಿ ಮುಟ್ಟುವ ಮೊದಲೇ ಟಕ್ ಅಂತ ನಿಂತಿತು. ಸ್ಟೂಲು ಎಳೆದುಕೊಂಡು ಕೂತೆ. ಹಿತ್ತಾಳೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಹೊರಗೆ ತೆಗೆದ ಆ ಗುಂಡು ಈಗ ನನ್ನ ಅಂಗಿಯ ಜೇಬಿನಲ್ಲಿದೆ. ಇನ್ನೂ ಯಾರಿಗೂ ತೋರಿಸಿಲ್ಲ. ಯಾಕೆ ಅಂದೆಯಾ? ಸರಿಯಾದ ಹೊತ್ತು ನೋಡುತ್ತಿದ್ದೇನೆ ಅಂತಿಟ್ಟುಕೋ.

ಮೇಷ್ಟ್ರು ಮಾತ್ರ ಹೊತ್ತು ನೋಡಲಿಲ್ಲ. ಆಜ್ಞೆ ಮೀರಿದಳು, ಹೆದರಿದಳು ಎಂದು ಆವತ್ತೇ ಬರೆದು ಕಳಿಸಿದರು. ಗುಬ್ಬಿಯ ಕೈಯಿಂದ ರೈಫಲ್ ಕಿತ್ತುಕೊಂಡಿದ್ದಾರೆ, ಎರಡು ದಿನದಿಂದ ಉಗ್ರಾಣದಲ್ಲಿ ಕಂಬಳಿ ಎಣಿಸುತ್ತಿದ್ದಾಳೆ. ನಿನ್ನೆ ನೋಡಲು ಹೋಗಿದ್ದೆ. ಅಳುತ್ತಿರಬಹುದು ಅಂದುಕೊಂಡಿದ್ದೆ. ಅಳಲಿಲ್ಲ. “ಮಾವ, ಕಡ್ಡಿ ಹಾಕಿ ನೋಡಿದ್ರಾ?” ಎಂದಷ್ಟೇ ಕೇಳಿದಳು. ನಾನು ಕೆಮ್ಮು ಬಂದವನ ಹಾಗೆ ಮಾಡಿ ಆಚೆ ಬಂದೆ.

ಹಾಗಾಗಿ ಅಕ್ಕಾ, ಶನಿವಾರ ಅವಳನ್ನು ಕರೆದುಕೊಂಡು ಹೋಗಲು ಬರಬೇಡ, ನೋಡಿಕೊಂಡು ಹೋಗಲು ಬಾ. ನಾಳೆ ಹತ್ತು ಗಂಟೆಗೆ ನಾನು ಬಾಯಿ ಹಾಕುತ್ತೇನೆ. ಇಷ್ಟು ವರ್ಷ ನೀನು ಹೇಳಿದ್ದಕ್ಕೆಲ್ಲ ಹೂಂ ಅಂದವನು ಇದೊಂದಕ್ಕೆ ಊಹೂಂ ಅನ್ನುತ್ತಿದ್ದೇನೆ.

ನಿನ್ನ ಮಗಳನ್ನು ಕಾಪಾಡಿದ,
ನಿನ್ನ ತಮ್ಮ

ಮ.ವಿ.: ಕಾಗದ ಮಡಿಸಿ, ಅಂಟು ಹಚ್ಚಿ, ಲಾರಿಯ ತನಕ ಹೋಗಿ ವಾಪಸ್ ಬಂದೆ. ಮತ್ತೆ ಬಿಚ್ಚಿದ್ದೇನೆ.

ಮೇಷ್ಟ್ರ ವರದಿಯಲ್ಲಿ ಇನ್ನೊಂದು ಸಾಲಿದೆ, ಮೇಲೆ ಬರೆಯಲಿಲ್ಲ: ‘ರಿಪೇರಿಯವರು ಸ್ಥಳದಲ್ಲೇ ಪರೀಕ್ಷಿಸಿ, ರೈಫಲ್ ಸರಿಯಾಗಿದೆ ಎಂದು ಹೇಳಿದ ಮೇಲೂ ನಿರಾಕರಿಸಿದಳು.’ ಆ ಸಾಲು ನಿಜ. “ಯಾರೂ ಮುಟ್ಟಬೇಡಿ” ಎಂದು ನಾನು ಅನ್ನಲಿಲ್ಲ. ಮೇಷ್ಟ್ರು ಕೈಬೀಸಿ ಕರೆದ ಮೇಲೆ ಹೋದೆ. ಬೋಲ್ಟ್ ಎಳೆದೆ, ಖಾಲಿ ಕಾಡತೂಸು ಹಾರಿತು. ಕಡ್ಡಿ ಸೊಂಟದ ಚೀಲದಲ್ಲೇ ಇತ್ತು, ತೆಗೆಯಲಿಲ್ಲ. ಎಲ್ಲರೂ ನೋಡುತ್ತಿದ್ದರು. “ನಾನೇ ನೋಡಿದ ರೈಫಲ್ಲಿದು, ಬಂಗಾರದಂಥದ್ದು. ಹೊಡಿ ಗುಬ್ಬಿ, ನಾನಿದ್ದೀನಲ್ಲ” ಅಂದೆ. ಒಂದಲ್ಲ, ಎರಡು ಸಲ.

“ನೀವು ಹೇಳಿದ್ರೂ ಹೊಡೆಯಲ್ಲ ಮಾವ” ಅಂದಳು. ಮೇಷ್ಟ್ರು ತಾವೇ ಹೊಡೆದು ತೋರಿಸುತ್ತೇನೆಂದು ಕೈ ಚಾಚಿದರು. ಆಗಲೇ ಅವಳು ಮ್ಯಾಗಜಿನ್ ಜೇಬಿಗಿಳಿಸಿ, ಬೋಲ್ಟ್ ಎಳೆದು ಒಳಗಿದ್ದ ಕಾಡತೂಸನ್ನೂ ಬೀಳಿಸಿ, ಅವರಿಗೆ ಕೊಡದೆ ರೈಫಲ್ಲನ್ನು ನನಗೆ ಕೊಟ್ಟದ್ದು. ಹೊಡೆ ಅಂದವನ ಕೈಗೇ ಕೊಟ್ಟಳು ಅಕ್ಕಾ. ಮೇಷ್ಟ್ರ ಮೀಸೆ ಇವತ್ತು ಮುಖದ ಮೇಲಿರುವುದಕ್ಕೆ ಅವಳೇ ಕಾರಣ, ಅವರಿಗೆ ಗೊತ್ತಿಲ್ಲ. ಎರಡು ದಿನ ಆ ಗುಂಡನ್ನು ಜೇಬಿನಲ್ಲಿಟ್ಟುಕೊಂಡು ನಾನು ನೋಡುತ್ತಿದ್ದದ್ದು ಹೊತ್ತನ್ನಲ್ಲ, ನಿವೃತ್ತಿಗೆ ಉಳಿದ ನಾಲ್ಕು ತಿಂಗಳನ್ನು. ನೀನು ಬಾಯಿ ಹಾಕಬೇಡ ಅಂದಾಗ ಒಂದು ಗಳಿಗೆ ಖುಷಿಯೂ ಆಯಿತು.

ಇಷ್ಟನ್ನೂ ನಾಳೆ ಸಾಹೇಬರ ಮುಂದೆ, ಗುಬ್ಬಿಯ ಮುಂದೆ ಹೇಳಬೇಕು, ಗುಂಡನ್ನು ಮೇಜಿನ ಮೇಲಿಡಬೇಕು. ಮೊದಲು ನಿನಗೆ ಹೇಳಿ ನೋಡಿದೆ. ಇನ್ನೊಂದು ಮಾತೂ ಹೇಳಬೇಕಾಗುತ್ತದೆ, ಹೇಳಿದ ಮೇಲೆ ನನ್ನನ್ನು ರೈಫಲ್ಲಿನ ಹತ್ತಿರ ಬಿಡುವುದಿಲ್ಲ. ಆ ‘ಟುಸ್’ ಇಡೀ ಸಾಲಿಗೆ ಕೇಳಿಸಿತ್ತಂತೆ. ನನಗೆ ಕೇಳಿಸಿರಲಿಲ್ಲ. ‘ಢಂ’ ಕೂಡ ಈಗೀಗ ಎದೆಗೆ ತಾಗುತ್ತದೆ, ಕಿವಿಗಲ್ಲ. ಬಲಗಿವಿ ಹೋಗಿ ಮೂರು ವರ್ಷವಾಯಿತು, ಎಡದ್ದು ಹತ್ತಿರದ ಮಾತಿಗಷ್ಟೇ, ಯಾರಿಗೂ ಹೇಳಿಲ್ಲ. ಶನಿವಾರ ಬಂದಾಗ ನನ್ನ ಎಡಗಡೆ ಕೂತು ಬೈ.