ಐಸಿನ ಮೇಲೆ ಆಡಿದ ಮಾತು

ಬೋಲ್ಟನ್, ಕೆನಡಾ
೮ ಏಪ್ರಿಲ್ ೨೦೦೧, ರವಿವಾರ

ಪ್ರೀತಿಯ ಅಕ್ಕಾ,

ನಿನ್ನ ತಮ್ಮ ಅಮರೇಶನ ನಮಸ್ಕಾರ. ನಿನ್ನ ಮೊಣಕಾಲು ಹೇಗಿದೆ? ಭಾಸ್ಕರ ಮಾಮಾನ ಬೆನ್ನು ಹೇಗಿದೆ? ಹುಬ್ಬಳ್ಳಿಯಲ್ಲಿ ಈಗ ಬಿಸಿಲು ಏರಿರಬೇಕು. ಬೆನ್ನಿಗೆ ಕಾವು ಒಳ್ಳೆಯದೆಂದು ಇಲ್ಲಿಯ ಡಾಕ್ಟರು ಹೇಳಿದ್ದರಲ್ಲ, ಆ ಮಟ್ಟಿಗಾದರೂ ಊರು ಅವರಿಗೆ ಕೂಡಿಬರಲಿ. ಮಾಮಾ ಈಗ ಕುರ್ಚಿಯಲ್ಲಿ ಕೂತು ಊಟ ಮಾಡುತ್ತಾರೋ, ಇನ್ನೂ ನಿಂತೇ ತಿನ್ನುತ್ತಾರೋ? ಕಾಲಿಂಗ್ ಕಾರ್ಡ್ ತಂದು ಆರು ಸಲ ಫೋನ್ ಮಾಡಿದೆ. ಆರೂ ಸಲ ನಿನ್ನ ನಾದಿನಿಯೇ ಎತ್ತಿ ನೀನು ಹೊರಗೆ ಹೋಗಿದ್ದೀಯ ಎಂದರು. ಬೆಳಗಿನ ಆರು ಗಂಟೆಗೆ, ಚಹಾ ಕುಡಿಯದೆ, ನೀನು ಎಲ್ಲಿಗೂ ಹೋಗುವವಳಲ್ಲ ಎಂಬುದು ನನಗೆ ಗೊತ್ತಿದೆ. ಅದಕ್ಕೇ ಈ ಪತ್ರ. ಪತ್ರದಲ್ಲಿ ಆಡುಮಾತು ಬರೆಯಬಾರದು, ಪುಸ್ತಕದ ಹಾಗೆ ಬರೆಯಬೇಕು ಎಂದು ಅವ್ವ ತೀರಿಕೊಂಡ ವರ್ಷ ಪಾಟಿಯ ಮೇಲೆ ನನಗೆ ತಿದ್ದಿಸಿದವಳು ನೀನೇ. ಹಾಗೇ ಬರೆಯುತ್ತಿದ್ದೇನೆ.

ನಾನು, ಮಾಧುರಿ, ಗಂಡ ಹೆಂಡತಿ ಇಬ್ಬರೂ ಇನ್ನೂ ಅದೇ ಬೇಸ್‌ಮೆಂಟಿನಲ್ಲಿದ್ದೇವೆ. ನೀವು ಗಂಡ ಹೆಂಡತಿ ಬಿಟ್ಟುಹೋದ ಮೇಲ್ಮನೆಗೆ ಬೇರೆ ಸಂಸಾರ ಬಂದಿದೆ. ಒಳ್ಳೆಯವರು. ಆದರೆ ಬೆಳಿಗ್ಗೆ ತಲೆಯ ಮೇಲೆ ಹೆಜ್ಜೆ ಸಪ್ಪಳ ಕೇಳಿದಾಗ, ಇದು ನಿನ್ನ ಹೆಜ್ಜೆಯಲ್ಲ ಎಂದು ಗೊತ್ತಾಗಲು ನನಗೆ ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತದೆ. ನೀನು ಹೊರಡುವ ದಿನ ಬಾಗಿಲಲ್ಲಿ ನಿಂತು ಆಡಿದ ಮಾತು ನನಗೆ ನೆನಪಿದೆ. ಮಾಧುರಿ ಕೆಳಗಿನ ಮೆಟ್ಟಿಲ ಮೇಲೆ ನಿನ್ನ ಪ್ರಯಾಣದ ಬುತ್ತಿ ಹಿಡಿದು ನಿಂತಿದ್ದಳು. ನೀನು ಅವಳತ್ತ ನೋಡದೆ ನನಗೆ ಹೇಳಿದೆ: "ನಮ್ಮ ಮನ್ಯಾಗ ಇದ್ದು, ನಮ್ಮ ಅನ್ನಾ ಉಂಡು, ನಮ್ಮ ಮಾತ ಹೊರಗ ಒಯ್ದಾಳ. ಇನ್ನ ಆಕಿ ಮಾರಿ ನನಗ ತೋರಸಬ್ಯಾಡ." ನಾನು ನಿಮ್ಮ ಸೂಟ್‌ಕೇಸು ಎತ್ತಿ ವ್ಯಾನಿಗೆ ಹಾಕಿದೆ.

ಅಕ್ಕಾ, ಮಾತು ಹೊರಗೆ ಒಯ್ದವಳು ಮಾಧುರಿಯಲ್ಲ. ನಾನು.

ಹೇಗೆ ಎಂದು ಹೇಳುತ್ತೇನೆ, ನಡುವೆ ಹಾಳೆ ಹರಿಯಬೇಡ. ಡಿಸೆಂಬರ್ ಹನ್ನೆರಡರಂದು ಏನಾಯಿತೆಂದು ನಿನಗೆ ಗೊತ್ತು. ಗೋದಾಮಿನಲ್ಲಿ ಕ್ರಿಸ್‌ಮಸ್ಸಿನ ಗದ್ದಲ, ಭಾರ ಎತ್ತುವ ಫೋರ್ಕ್‌ಲಿಫ್ಟ್ ಖಾಲಿ ಇರಲಿಲ್ಲ. ಟ್ರೆಡ್‌ಮಿಲ್ಲಿನ ಪೆಟ್ಟಿಗೆಯನ್ನು ಕೈಯಲ್ಲೇ ಎತ್ತಿ ಲಾರಿಗೆ ಹಾಕಿ ಎಂದು ಆಫೀಸಿನಿಂದ ಹೇಳಿಕಳಿಸಿದರು. ಒಂದು ತುದಿಗೆ ಮಾಮಾ, ಇನ್ನೊಂದು ತುದಿಗೆ ನಾನು. ಮಾಮಾ ಕೂಗಲಿಲ್ಲ. ಪೆಟ್ಟಿಗೆ ಕೆಳಗಿಟ್ಟು, ಗೋಡೆಗೆ ಕೈ ಕೊಟ್ಟು ನಿಂತರು. ಮುಖ ಸುಣ್ಣದ ಹಾಗಾಗಿತ್ತು. ಬೆನ್ನು ಹೋದವನನ್ನು ಗೋದಾಮಿನಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ, ಯಾರಿಗೂ ಹೇಳಬೇಡ ಎಂದರು. ಅಲ್ಲಿಂದ ಮುಂದೆ ಅಂಗಿಯ ಒಳಗೆ ಪಟ್ಟಿ ಬಿಗಿದು, ಗುಳಿಗೆ ನುಂಗಿ, ಭಾರದ ಪೆಟ್ಟಿಗೆಗಳನ್ನು ನನ್ನ ಕಡೆ ತಳ್ಳಿ ದಿನ ದೂಡಿದರು. ಈ ವಿಷಯ ಮನೆಯ ನಾಲ್ವರನ್ನು ಬಿಟ್ಟು ಹೊರಗೆ ಒಬ್ಬರಿಗೂ ಗೊತ್ತಿರಲಿಲ್ಲ.

ಜನವರಿಯಲ್ಲಿ ನಮ್ಮ ಶಿಫ್ಟಿನ ಲೀಡ್ ಹ್ಯಾಂಡ್ ಕೆಲಸ ಬಿಟ್ಟ. ಹತ್ತು ಜನರ ಮೇಲಿನ ಆ ಜಾಗ ಒಂಬತ್ತು ವರ್ಷ ದುಡಿದ ಮಾಮಾನಿಗೇ ಬರಬೇಕಿತ್ತು, ನಾನು ಸೇರಿ ಎರಡು ವರ್ಷವಾಗಿತ್ತಷ್ಟೇ. ಆಗಲೇ ನಮ್ಮ ಸೂಪರ್‌ವೈಸರ್ ಡಗ್ ಊಟದ ಕೋಣೆಗೆ ಬಂದು, ಶನಿವಾರ ಸಿಮ್ಕೋ ಸರೋವರಕ್ಕೆ ಐಸಿನ ಮೇಲೆ ಮೀನು ಹಿಡಿಯಲು ಹೋಗುತ್ತಿದ್ದೇನೆ, ಯಾರು ಬರುತ್ತೀರಿ ಎಂದು ಕೇಳಿದ. ಮಾಮಾ ನಕ್ಕು ತಲೆ ಅಲ್ಲಾಡಿಸಿದರು. ನಾನು ಕೈ ಎತ್ತಿದೆ. ಸೂಪರ್‌ವೈಸರ್ ಕರೆದಾಗ ಒಬ್ಬರಾದರೂ ಹೋಗಬೇಕು ಎಂದು ಅಂದು ಸಂಜೆ ನೀವಿಬ್ಬರೂ ಹೇಳಿದಿರಿ.

ಡಗ್ ಒಂದು ಪ್ಯಾಕಿಂಗ್ ಚೀಟಿಯ ಹಿಂದೆ ನನಗೆ ಪಟ್ಟಿ ಬರೆದುಕೊಟ್ಟಿದ್ದ. ಒಳಗೆ ಉಣ್ಣೆ ಇರುವ ದಪ್ಪ ಬೂಟು, ಜಾರದಂತೆ ಬೂಟಿಗೆ ಕಟ್ಟುವ ಮುಳ್ಳುಪಟ್ಟಿ, ಎರಡು ಜೊತೆ ಕೈಗವಸು, ಕೂರಲು ಬಕೆಟ್ಟು. ಗಾಳ, ಕೊರೆಯುವ ಸಾಮಾನು ಅವನದೇ. ನನ್ನ ಪಾಲಿಗೆ ಗಾಳಕ್ಕೆ ಸಿಕ್ಕಿಸಲು ಒಂದು ಡಬ್ಬಿ ಹುಳು. ಆ ಹುಳುವಿನ ಡಬ್ಬಿ ನಿನಗೆ ಮರೆತಿರಲಾರದು. ಮರದ ಹೊಟ್ಟಿನಲ್ಲಿ ಮಿಸುಕಾಡುವ ಬಿಳಿ ಹುಳುಗಳನ್ನು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟೆನೆಂದು ಮಾಧುರಿ ಆ ದಿನ ಅಡುಗೆಯನ್ನೇ ಮಾಡಲಿಲ್ಲ. ನೀನು ನಕ್ಕು ನಕ್ಕು ಕಣ್ಣೊರೆಸಿಕೊಂಡು, ಡಬ್ಬಿಗೆ ನಿನ್ನ ಹಳೆಯ ಸ್ವೆಟರ್ ಸುತ್ತಿ ಗ್ಯಾರೇಜಿನಲ್ಲಿ ಇಟ್ಟೆ. ಮುಂಜಾನೆ ಎದ್ದು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಥರ್ಮಾಸಿನಲ್ಲಿ ಚಹಾ ಕಟ್ಟಿಕೊಟ್ಟೆ. ಮಾಮಾ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದರು, ಮಂಚ ಅವರಿಗೆ ಆಗುತ್ತಿರಲಿಲ್ಲ. ಮಲಗಿದಲ್ಲಿಂದಲೇ, "ನಿನ್ನ ಬೂಟು ತೆಳುವಾಗ್ಯದ, ನನ್ನದು ಹಾಕ್ಕೊಂಡು ಹೋಗು" ಎಂದರು. ಆ ದಿನ ನಾನು ಮಾಮಾನ ಬೂಟಿನಲ್ಲಿದ್ದೆ.

ದಾರಿಯಲ್ಲಿ ಒಂದು ಅಂಗಡಿಯಲ್ಲಿ ಡಗ್ ಜೀವಂತ ಸಣ್ಣ ಮೀನುಗಳನ್ನು ಕೊಂಡ. ಬೆರಳುದ್ದದ ಬೆಳ್ಳಿ ಬಣ್ಣದವು, ನೀರಿನ ಸಮೇತ ಬಕೆಟ್ಟಿಗೆ ಸುರಿದು ಕೊಟ್ಟರು. ಮಿನ್ನೋ ಎನ್ನುತ್ತಾರೆ. ಸರೋವರದ ದಡದಲ್ಲಿ ಅವನು ನನ್ನ ಕೊರಳಿಗೆ ಒಂದು ಹಗ್ಗ ಹಾಕಿದ, ಅದರ ಎರಡು ತುದಿಗೆ ಹಿಡಿಕೆ ಇರುವ ಚೂಪು ಮೊಳೆಗಳು. ಐಸು ಒಡೆದು ನೀರಿಗೆ ಬಿದ್ದರೆ ಅವನ್ನು ಅಂಚಿಗೆ ಚುಚ್ಚಿ ಮೇಲೆ ಎಳೆದುಕೊಳ್ಳಬೇಕಂತೆ. ಅಂಗಿಯ ಒಳಗೆ ಇಷ್ಟಲಿಂಗ, ಹೊರಗೆ ಆ ಮೊಳೆಗಳು. ಅವನು ಮುಂದೆ ನಡೆದಲ್ಲೇ ಹೆಜ್ಜೆ ಇಟ್ಟೆ. ಕಾಲ ಕೆಳಗೆ ಎಲ್ಲೋ ದೂರದಿಂದ ಗುಡುಗಿನ ಹಾಗೆ ಐಸು ಸಪ್ಪಳ ಮಾಡುತ್ತಿತ್ತು. ಡಗ್ ಒಂದು ಗೇಣಿಗಿಂತ ಹೆಚ್ಚು ದಪ್ಪವಿದೆ, ಹೆದರಬೇಡ ಎಂದ. ಕೈಯಿಂದ ತಿರುಗಿಸುವ ಎತ್ತರದ ಬೈರಿಗೆಯನ್ನು ನನ್ನ ಕೈಗೆ ಕೊಟ್ಟ. ಕೊರೆದೆ. ಕಪ್ಪು ನೀರು ಮೇಲೆ ಬಂತು. ಬುಂದಿ ತೆಗೆಯುವ ಜಾಲರಿ ಸೌಟಿನಂಥದ್ದರಿಂದ ಐಸಿನ ಚೂರು ಬಾಚಿದೆ. ಚೆನ್ನಾಗಿ ಮಾಡಿದೆ ಎಂದು ಅವನು ನನ್ನ ಬೆನ್ನು ತಟ್ಟಿದ. ಅಕ್ಕಾ, ನಗಬೇಡ, ಈ ದೇಶಕ್ಕೆ ಬಂದ ಮೇಲೆ ಒಬ್ಬರು ನನ್ನ ಕೆಲಸ ನೋಡಿ ಚೆನ್ನಾಗಿದೆ ಎಂದದ್ದು ಅದೇ ಮೊದಲು.

ಮಾಮಾ ನನ್ನನ್ನು ಕರೆಸಿಕೊಂಡರು, ಇಟ್ಟುಕೊಂಡರು, ಕೆಲಸಕ್ಕೆ ಹಚ್ಚಿದರು. ಯಾವುದನ್ನೂ ಮರೆತಿಲ್ಲ. ಆದರೆ ಪ್ರತಿ ದೀಪಾವಳಿಗೆ ಕನ್ನಡ ಸಂಘದ ಊಟದಲ್ಲಿ, "ಇವಗ ಏನೂ ತಿಳ್ಯಂಗಿಲ್ರೀ, ನಾನ ಕೈ ಹಿಡದು ನಡಸಾಕತ್ತೀನಿ" ಎಂದು ಎಲ್ಲರೆದುರು ನಗುತ್ತಿದ್ದರು. ನೀನೂ ನಗುತ್ತಿದ್ದೆ. ಅದು ಸುಳ್ಳಲ್ಲ. ಸುಳ್ಳಾಗಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ.

ಸಣ್ಣ ಬಟ್ಟೆಯ ಗುಡಾರ, ಒಳಗೆ ಗ್ಯಾಸಿನ ಹೀಟರು. ನಿನ್ನ ಚಹಾ ಇಬ್ಬರೂ ಕುಡಿದೆವು. ಡಗ್ ಹುಳುವಿನ ಡಬ್ಬಿಯನ್ನು ಹೆಪ್ಪುಗಟ್ಟದಂತೆ ತನ್ನ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ. ಪರ್ಚ್ ಎಂಬ ಸಣ್ಣ ಮೀನಿಗೆ ಹುಳು, ಆಳದ ದೊಡ್ಡ ಮೀನಿಗೆ ಮಿನ್ನೋ ಎಂದು ಹೇಳಿಕೊಟ್ಟ. ಲೀಡ್ ಹ್ಯಾಂಡ್ ಕೆಲಸಕ್ಕೆ ನಿಮ್ಮ ಮನೆಯ ಇಬ್ಬರ ಹೆಸರೂ ನನ್ನ ಮನಸ್ಸಿನಲ್ಲಿದೆ ಎಂದೂ ಸುಮ್ಮನೆ ಹೇಳಿದ. ಆಮೇಲೆ ಒಂದು ಮಿನ್ನೋ ಹಿಡಿದು ಗಾಳಕ್ಕೆ ಸಿಕ್ಕಿಸುವ ಬಗೆ ತೋರಿಸಿದ. ಬೆನ್ನಿನ ರೆಕ್ಕೆಯ ಕೆಳಗೆ, ಮೇಲು ಮೇಲೆ ಚುಚ್ಚಬೇಕು, ಬೆನ್ನುಮೂಳೆಗೆ ತಾಗಬಾರದು, ತಾಗಿದರೆ ಆಡುವುದನ್ನು ನಿಲ್ಲಿಸುತ್ತದೆ, ಆಡದ ಮೀನನ್ನು ಯಾವುದೂ ತಿರುಗಿ ನೋಡುವುದಿಲ್ಲ ಎಂದ. ನಾನು ನಕ್ಕು, ಹಾಗಾದರೆ ನಮ್ಮ ಭಾಸ್ಕರನ ಬೆನ್ನಿನ ಹಾಗೆ ಎಂದೆ.

ಬಾಯಿ ತಪ್ಪಿ ಬಂತು ಎಂದು ಬರೆದು ಎರಡು ಹಾಳೆ ಹರಿದೆ. ಮೊದಲ ಮಾತು ತಪ್ಪಿಯೇ ಬಂದಿರಬಹುದು. ಡಗ್ ಕೈಯಲ್ಲಿನ ಮೀನು ನೋಡುತ್ತಲೇ, ಬೆನ್ನಿಗೆ ಏನಾಗಿದೆ ಎಂದು ಮೆಲ್ಲಗೆ ಕೇಳಿದ. ಆಗ ಏನಿಲ್ಲ ಎನ್ನಬಹುದಿತ್ತು. ಪೆಟ್ಟಿಗೆ, ಡಿಸೆಂಬರ್, ಪಟ್ಟಿ, ಗುಳಿಗೆ, ಚಾಪೆ, ಎಲ್ಲ ಹೇಳಿದೆ. ಕೇಳದಿದ್ದುದನ್ನೂ ಹೇಳಿದೆ. ಭಾರದ್ದೆಲ್ಲ ತಿಂಗಳಿಂದ ನಾನೇ ಎತ್ತುತ್ತಿದ್ದೇನೆ ಎಂದೆ. ಆ ಮಾತು ತಪ್ಪಿ ಬಂದದ್ದಲ್ಲ ಅಕ್ಕಾ. ಆ ಮಾತಿಗಾಗಿಯೇ ಮೊದಲಿನದೆಲ್ಲ ಹೇಳಿದ್ದೆ ಎಂದು ಈಗ ಅನ್ನಿಸುತ್ತದೆ. ಡಗ್ ಹೌದಾ ಎಂದು ಗಾಳ ಇಳಿಬಿಟ್ಟ. ಮಧ್ಯಾಹ್ನ ನನ್ನ ಗಾಳಕ್ಕೆ ಒಂದು ಪರ್ಚ್ ಬಿತ್ತು. ಅವನು ಅದನ್ನು ಬೆಣ್ಣೆಯಲ್ಲಿ ಹುರಿದು ಕೊಟ್ಟ. ತಿಂದೆ. ಮನೆಗೆ ಬಂದು ರೊಟ್ಟಿ ಮಾತ್ರ ತಿಂದೆ ಎಂದು ನಿನಗೆ ಹೇಳಿದೆ, ಅದೂ ಸುಳ್ಳು.

ಎರಡು ವಾರಕ್ಕೆ ಮಾಮಾನನ್ನು ಆಫೀಸಿಗೆ ಕರೆದರು. ಅದನ್ನು ಅವರು ನಿನಗೆ ಪೂರ್ತಿ ಹೇಳಿದ್ದಾರೋ ಇಲ್ಲವೋ. ಇಬ್ಬರು ನಿಂತು, ನೆಲದ ಮೇಲಿನ ಒಂದು ಪೆಟ್ಟಿಗೆ ತೋರಿಸಿ ಎತ್ತು ಎಂದರು. ನಾನು ಗಾಜಿನಾಚೆಯಿಂದ ನೋಡಿದೆ. ಮಾಮಾ ಮೊಣಕಾಲೂರಿ, ಎರಡೂ ಕೈ ಪೆಟ್ಟಿಗೆಗೆ ಕೊಟ್ಟು, ಎದ್ದೇಳಲಾಗದೆ ಅಲ್ಲೇ ಉಳಿದರು. ಅವರಿಬ್ಬರೂ ಕೈ ಕೊಡಲಿಲ್ಲ. ಆಮೇಲೆ ನೋವು ಮೊದಲಿನಿಂದಲೂ ಇತ್ತು, ಕೆಲಸದಲ್ಲಿ ಆದದ್ದಲ್ಲ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡು ಮನೆಗೆ ಕಳಿಸಿದರು. ಮುಂದಿನ ಸೋಮವಾರ ಲೀಡ್ ಹ್ಯಾಂಡ್ ಕೆಲಸ ನನಗೆ ಬಂತು. ಮಾಮಾ ಚಾಪೆಯಲ್ಲಿ ಮಲಗಿದ್ದಲ್ಲೇ ನನ್ನ ಕೈ ಹಿಡಿದು, "ಮನಿಯವಗಽ ಬಂತಲ್ಲ, ಛಲೋ ಆತು" ಎಂದರು. ಮಾಧುರಿ ಅದೇ ಗೋದಾಮಿನ ಸಂಜೆ ಶಿಫ್ಟಲ್ಲಿ ಹೆಂಗಸರ ಜೊತೆ ಹರಟುತ್ತಾಳೆಂದು ನೀನು ಅವಳ ಮೇಲೆ ಅನುಮಾನ ಪಟ್ಟೆ. ನಾನು ಅದನ್ನು ಹಾಗೇ ಬಿಟ್ಟೆ. ಅನುಕೂಲವಾಯಿತು. ನಿನ್ನ ಮೇಲೂ ನನಗೊಂದು ಸಿಟ್ಟಿದೆ, ಹೇಳಿಬಿಡುತ್ತೇನೆ. ನನ್ನನ್ನು ಒಂದು ಸಲವೂ ಕೇಳಲಿಲ್ಲ ನೀನು. ತಮ್ಮ ಮಾಡಿರಲಾರ, ಬಂದವಳೇ ಮಾಡಿರಬೇಕು ಎಂದುಕೊಂಡೆ.

ಮಾರ್ಚ್ ಮಧ್ಯದಲ್ಲಿ, ಶಿಫ್ಟ್ ಬದಲಾಗುವ ಹೊತ್ತಿಗೆ, ಡಗ್ ಊಟದ ಕೋಣೆಯಲ್ಲಿ ನನ್ನ ಹೆಗಲ ಮೇಲೆ ಕೈ ಇಟ್ಟು, ಭಾಸ್ಕರನ ಬೆನ್ನಿನ ವಿಷಯ ಆ ದಿನ ಹೇಳಿ ಒಳ್ಳೆಯದು ಮಾಡಿದೆ, ಇನ್ನೂ ದೊಡ್ಡ ಅನಾಹುತ ಆಗುತ್ತಿತ್ತು ಎಂದ. ಅವನು ಅದನ್ನು ನಂಬಿದ್ದಾನೆ. ಮಾಧುರಿ ಹಿಂದೆಯೇ ನಿಂತಿದ್ದಳು. ಮನೆಗೆ ಬಂದು ಅವಳು ಅಳಲಿಲ್ಲ, ಜಗಳ ಮಾಡಲಿಲ್ಲ. "ಅಕ್ಕಗ ನೀವಽ ಬರೀರಿ. ನನ್ನ ಹೆಸರು ಒಂದ ಸಾಲಿನಾಗ ಮುಗಸಬ್ಯಾಡ್ರಿ" ಎಂದಳು. ಮೂರು ವಾರವಾಯಿತು, ಮತ್ತೆ ನನ್ನ ಜೊತೆ ಮಾತಾಡಿಲ್ಲ. ಅಡುಗೆ ಮಾಡಿ ಮುಚ್ಚಿಟ್ಟು ಕೆಲಸಕ್ಕೆ ಹೋಗುತ್ತಾಳೆ.

ಆದ್ದರಿಂದ ಒಂದು ಸಾಲಿನಲ್ಲಿ ಮುಗಿಸುವುದಿಲ್ಲ. ಆ ಚಳಿಗಾಲವಿಡೀ ಮಾಮಾನ ಬೆನ್ನಿಗೆ ಎಣ್ಣೆ ಕಾಯಿಸಿ ಮೇಲೆ ತಂದುಕೊಟ್ಟವಳು ಮಾಧುರಿ. ಅವರ ಪಟ್ಟಿಯ ಕೊಂಡಿ ಹರಿದಾಗ ಹೊಲಿದವಳು ಅವಳು. ನೀನು ಬಾಗಿಲಲ್ಲಿ ಆಡಿದ ಮಾತು ಕೇಳಿಯೂ ಬುತ್ತಿಯನ್ನು ನಿನ್ನ ಚೀಲದಲ್ಲಿ ಇಟ್ಟವಳು ಅವಳು. ಅದನ್ನು ನೀನು ವಿಮಾನದಲ್ಲಿ ತಿಂದೆಯೋ ಇಲ್ಲವೋ ಎಂದು ಅವಳು ಕೇಳುತ್ತಿದ್ದಳು, ನನ್ನ ಜೊತೆ ಮಾತಾಡುತ್ತಿದ್ದ ದಿನಗಳಲ್ಲಿ. ನನ್ನನ್ನು ಕ್ಷಮಿಸು ಎಂದು ಬರೆಯುವುದಿಲ್ಲ. ಅವಳಿಗೆ ಒಂದು ಫೋನ್ ಮಾಡು. ಸಂಜೆ ಶಿಫ್ಟಿಗೆ ಹೋಗುವ ಮೊದಲು, ಮಧ್ಯಾಹ್ನದವರೆಗೂ ಮನೆಯಲ್ಲಿರುತ್ತಾಳೆ. ಆ ಹೊತ್ತಿನಲ್ಲಿ ನಾನು ಇರುವುದಿಲ್ಲ.

ಈ ಪತ್ರವನ್ನು ಮಾಮಾನಿಗೆ ನೀನೇ ಓದಿ ಹೇಳು, ಅವರು ಕೂರಲು ಆಗುವ ದಿನ ನೋಡಿ ಹೇಳು. ಮೊಣಕಾಲು ನೋಡಿಕೋ, ಮೆಟ್ಟಿಲು ಹತ್ತಬೇಡ. ನಿಮ್ಮಿಬ್ಬರ ಕಾಲು ಮುಟ್ಟುವ ಮುಖ ನನಗಿಲ್ಲ, ದೂರದಿಂದಲೇ ತಲೆ ಬಾಗಿಸಿದ್ದೇನೆ.

ನೀನು ಸಾಕಿದ ತಮ್ಮ,
ಅಮರೇಶ

ತಾ.ಕ.: ಸೋಮವಾರ ಬೆಳಿಗ್ಗೆ. ಟಪಾಲು ಡಬ್ಬಿ ತೆರೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಜೊತೆಗಿರುವ ನೀಲಿ ಅಂಚಿನ ಅರ್ಜಿ, ಕೆಲಸದಲ್ಲಿ ಗಾಯವಾದವರಿಗೆ ಪರಿಹಾರ ಕೊಡುವ ಸರಕಾರಿ ಕಚೇರಿಯದು. ಮೊದಲು ಸಹಿ ಮಾಡಿದ ಕಾಗದ ಇದ್ದರೂ ಅರ್ಜಿ ಹಾಕಬಹುದು, ನೋಡಿದವರು ಸಾಕ್ಷಿ ಹೇಳಿದರೆ ಸಾಕು ಎಂದು ಕಾನೂನು ನೆರವಿನ ಹೆಂಗಸು ಹೇಳಿದರು. ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದಿದ್ದವನು ನಾನು ಎಂದು ಬರೆದು ಶುಕ್ರವಾರ ಆ ಕಚೇರಿಗೆ ಕೊಟ್ಟಿದ್ದೇನೆ, ಡಗ್‌ಗೆ ನಾಳೆ ತಿಳಿಯುತ್ತದೆ, ನನ್ನ ಕೆಲಸ ಉಳಿಯಲಿಕ್ಕಿಲ್ಲ. ಮೂರನೆಯ ಪುಟದಲ್ಲಿ ಪೆನ್ಸಿಲ್ಲಿನಿಂದ ಗುರುತು ಮಾಡಿದಲ್ಲಿ ಮಾಮಾನ ಸಹಿ ಬೇಕು. ಆರು ತಿಂಗಳ ಗಡುವು, ಜೂನ್ ಹನ್ನೆರಡರ ಒಳಗೆ ಇಲ್ಲಿಗೆ ತಲುಪಬೇಕು. ಅಮರೇಶನ ಉಪಕಾರ ಬೇಡ ಎಂದು ಮಾಮಾ ಹಟ ಹಿಡಿದರೆ, ನನ್ನ ಮೇಲಿನ ಸಿಟ್ಟಿಗಾದರೂ ಸಹಿ ಮಾಡಿಸು.